ಬ್ರೈಟನ್ ಬೀಚಿನಲ್ಲಿ ಹುಟ್ಟುಹಬ್ಬದ ಊಟ: ಸಸ್ಯಾಹಾರಿಗಳಿರುವ ಟೇಬಲ್ಲಿಗೆ ರಷ್ಯನ್ ಮೆನು ಹೊಂದಿಸಿದ್ದು ಹೀಗೆ

ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಇರುವವರಿಗೆ ರಷ್ಯನ್ ಊಟ ಅಂದರೆ ಬ್ರೂಕ್ಲಿನ್ನಿನ ಬ್ರೈಟನ್ ಬೀಚ್. 1970ರ ದಶಕದಿಂದ ಸೋವಿಯತ್ ಒಕ್ಕೂಟ ಬಿಟ್ಟು ಬಂದ ಯಹೂದಿ ಕುಟುಂಬಗಳು ನೆಲೆಸಿದ ಕಡಲತೀರದ ಬಡಾವಣೆ ಅದು. ಒಡೆಸ್ಸಾ ಕಡೆಯವರು ಬಹಳ ಇದ್ದುದರಿಂದ ಲಿಟಲ್ ಒಡೆಸ್ಸಾ ಅಂತಲೂ ಕರೆಯುತ್ತಾರೆ. ಅಲ್ಲಿನ ದೊಡ್ಡ ರೆಸ್ಟೋರೆಂಟುಗಳು ನಡೆಯುವುದೇ ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವಗಳ ಮೇಲೆ. ಹಾಗಾಗಿ 12 ಜನರ ಟೇಬಲ್ ಬೇಕು ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಟೇಬಲ್ಲಿನಲ್ಲಿ 7 ಜನ ಸಸ್ಯಾಹಾರಿಗಳು, ಅವರಲ್ಲಿ 3 ಜನ ಮೊಟ್ಟೆಯನ್ನೂ ಮುಟ್ಟದವರು. ಕೆಳಗಿನ ಲೆಕ್ಕವೆಲ್ಲ ಅಂಥ ಟೇಬಲ್ಲಿನದು.

ಮೊದಲು ತೀರ್ಮಾನ ಆಗಬೇಕಾದದ್ದು ಬ್ಯಾಂಕ್ವೆಟ್ ಮೆನುವೋ, ಬಿಡಿಬಿಡಿಯಾಗಿ ಆರ್ಡರ್ ಮಾಡುವುದೋ ಎಂಬುದು. ಶುಕ್ರವಾರ, ಶನಿವಾರ ರಾತ್ರಿ ಹಾಡು-ಕುಣಿತದ ಷೋ ಇರುವ ಕಡೆ ಸಾಮಾನ್ಯವಾಗಿ ತಲೆಗಿಷ್ಟು ಎಂಬ ಬ್ಯಾಂಕ್ವೆಟ್ ದರವೇ. ಆ ಮೆನುವಿನ ಮುಕ್ಕಾಲು ಭಾಗ ಹೊಗೆಯಾಡಿಸಿದ ಮೀನು, ನಾಲಿಗೆ, ಮಾಂಸದ ಜೆಲ್ಲಿ, ಕಬಾಬು. ಸಸ್ಯಾಹಾರಿ ಅರ್ಧಕ್ಕಿಂತ ಹೆಚ್ಚಿದ್ದರೆ ಅದು ದಂಡ. ಭಾನುವಾರ ಮಧ್ಯಾಹ್ನ ಹೋಗಿ ಬೇಕಾದ್ದನ್ನಷ್ಟೇ ಹೇಳುವುದು ಜೇಬಿಗೂ ಅಜ್ಜ-ಅಜ್ಜಿಯರ ಕಿವಿಗೂ ಹಿತ. ಷೋ ಬೇಕೇ ಬೇಕು ಅಂದರೆ ಸಸ್ಯಾಹಾರಿಗಳ ತಟ್ಟೆಗಳನ್ನು ಫೋನಿನಲ್ಲೇ ಬದಲಾಯಿಸಿಕೊಳ್ಳಬೇಕು. ಅಲ್ಲಿಗೆ ಹೋದ ಮೇಲೆ ಕೇಳಿದರೆ ಆಗುವುದಿಲ್ಲ, ಯಾಕೆಂದರೆ ನೀವು ಕೂರುವ ಹೊತ್ತಿಗೆ ತಣ್ಣನೆಯ ತಿನಿಸುಗಳೆಲ್ಲ ಟೇಬಲ್ ಮೇಲೆ ಬಂದು ಕೂತಿರುತ್ತವೆ.

ಫೋನ್ ಮಾಡುವಾಗ ಅಡ್ಮಿನಿಸ್ಟ್ರೇಟರ್ ಬೇಕು ಅಂತ ಕೇಳಿ. ಬುಕಿಂಗ್, ಟೇಬಲ್ ಎಲ್ಲಿ, ಮೆನುವಿನಲ್ಲಿ ಏನು ಬದಲು ಎಂಬುದೆಲ್ಲ ಅವರ ಕೈಯಲ್ಲಿ. ವಾರದ ನಡುವಿನ ಮಧ್ಯಾಹ್ನ ಮಾಡಿದರೆ ಸಮಾಧಾನವಾಗಿ ಮಾತಾಡುತ್ತಾರೆ. 'ವೆಜಿಟೇರಿಯನ್' ಅಂದಷ್ಟೇ ಹೇಳಿ ಫೋನ್ ಇಟ್ಟರೆ ಸಾಲ್ಮನ್ ಬರುವ ಸಾಧ್ಯತೆಯೇ ಹೆಚ್ಚು. ಮಾಂಸ, ಕೋಳಿ, ಮೀನು ಮೂರನ್ನೂ ಬೇರೆಬೇರೆಯಾಗಿ ಹೇಳಬೇಕು. ಆಮೇಲೆ ಕಣ್ಣಿಗೆ ಕಾಣದ ನಾಲ್ಕರ ಬಗ್ಗೆ ಕೇಳಬೇಕು: ಬೇಯಿಸಿದ್ದು ಯಾವ ನೀರಿನಲ್ಲಿ, ಹುರಿದದ್ದು ಯಾವ ಕೊಬ್ಬಿನಲ್ಲಿ, ಮೊಟ್ಟೆ ಇದೆಯೇ, ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಜೆಲಟಿನ್ ಇದೆಯೇ. ಒಪ್ಪಿದ ಪಟ್ಟಿಯನ್ನು ಮೆಸೇಜಿನಲ್ಲಿ ತರಿಸಿಕೊಳ್ಳಿ. ಮುಂಗಡ ಕೊಡುವುದು ಆಮೇಲೆ.

ಅದೇ ಕರೆಯಲ್ಲಿ ದುಡ್ಡಿನ ಮಾತೂ ಮುಗಿಸಿ. ತಲೆಗೆ 100 ಡಾಲರ್ ಅಂದರೆ ಅದರ ಮೇಲೆ ನ್ಯೂಯಾರ್ಕ್ ನಗರದ ಮಾರಾಟ ತೆರಿಗೆ ಶೇಕಡ 8.875, ದೊಡ್ಡ ಟೇಬಲ್ಲಿಗೆ ಸೇವಾ ಶುಲ್ಕವೋ ಟಿಪ್ಪೋ ಶೇಕಡ 20 ಅಂತಿಟ್ಟುಕೊಳ್ಳಿ, ಕೈಯಿಂದ ಹೋಗುವುದು ಸುಮಾರು 129. ಸೇವಾ ಶುಲ್ಕ ಬಿಲ್ಲಿನಲ್ಲೇ ಸೇರುತ್ತದೆಯೇ ಅಂತ ಕೇಳಿಕೊಳ್ಳದಿದ್ದರೆ ಟಿಪ್ಪನ್ನು ಎರಡು ಸಲ ಕೊಟ್ಟಂತಾಗುತ್ತದೆ. ಮಕ್ಕಳಿಗೆ ಅರ್ಧ ದರ ಎಷ್ಟು ವಯಸ್ಸಿನವರೆಗೆ, ಹೊರಗಿನ ಕೇಕ್ ತಂದರೆ ತಟ್ಟೆಗಿಷ್ಟು ಅಂತ ಹಾಕುತ್ತಾರೆಯೇ ಎಂಬುದೂ ಈಗಲೇ ಗೊತ್ತಾಗಬೇಕು.

ಇನ್ನು ಊಟ. ಸಸ್ಯಾಹಾರಿಗೆ ರಷ್ಯನ್ ಮೇಜಿನ ಹೊಟ್ಟೆ ತುಂಬುವ ಭಾಗವೆಂದರೆ ಮೊದಲು ಬರುವ ತಣ್ಣನೆಯ ತಿನಿಸುಗಳು, ಅವರ ಬಾಯಲ್ಲಿ ಜಕೂಸ್ಕಿ. ಮುಖ್ಯ ಖಾದ್ಯದ ಆಸೆ ಬಿಟ್ಟು ಎಲ್ಲ ಲಕ್ಷ್ಯವನ್ನೂ ಇಲ್ಲಿಗೇ ಕೊಡಿ. ಮೊಟ್ಟಮೊದಲಿಗೆ ವಿನೆಗ್ರೆತ್: ಬೇಯಿಸಿದ ಬೀಟ್‌ರೂಟ್, ಆಲೂಗಡ್ಡೆ, ಕ್ಯಾರೆಟ್, ಉಪ್ಪಿನ ಸೌತೆಕಾಯಿ, ಹುಳಿ ಎಲೆಕೋಸು, ಈರುಳ್ಳಿ ಎಲ್ಲ ಸಣ್ಣಗೆ ಹೆಚ್ಚಿ ಸೂರ್ಯಕಾಂತಿ ಎಣ್ಣೆಯಲ್ಲಿ ಕಲಸಿದ್ದು. ಹಾಲಿಲ್ಲ, ಮೊಟ್ಟೆಯಿಲ್ಲ. ಕೆಲವರು ಹೆರಿಂಗ್ ಮೀನು ಸೇರಿಸುತ್ತಾರೆ, ಬೇಡ ಅನ್ನಿ. 4 ಜನರಿಗೆ ಒಂದು ತಟ್ಟೆಯಂತೆ 12 ಜನರಿಗೆ 3. ಪಕ್ಕದಲ್ಲೇ ಬರುವ ಒಲಿವಿಯೆ ಸಲಾಡು ಬೆಳ್ಳಗೆ, ಬಟಾಣಿ ಸಮೇತ ಸಾಧುವಾಗಿ ಕಾಣುತ್ತದೆ. ಅದರಲ್ಲಿ ಸಾಸೇಜೋ ಕೋಳಿಯೋ ಇರುತ್ತದೆ. ಅದನ್ನು ತೆಗೆಸಿದರೂ ಬೇಯಿಸಿದ ಮೊಟ್ಟೆಯ ಚೂರು, ಮೇಯನೇಸು ಉಳಿಯುತ್ತವೆ. ಬೀಟ್‌ರೂಟಿನ ಹೊದಿಕೆ ಹೊದ್ದ ಪದರ ಪದರದ ಸಲಾಡು ಕಂಡರೆ ಅಡಿಯಲ್ಲಿ ಹೆರಿಂಗ್ ಇದೆ ಅಂತಲೇ ತಿಳಿಯಿರಿ.

ಕೊರಿಯನ್ ಕ್ಯಾರೆಟ್ಟನ್ನು ತಪ್ಪಿಸಬೇಡಿ. 1937ರಲ್ಲಿ ಸ್ಟಾಲಿನ್ ಆಡಳಿತ ಸೋವಿಯತ್ ದೂರಪೂರ್ವದಿಂದ ಮಧ್ಯ ಏಷ್ಯಾಕ್ಕೆ ಎತ್ತಂಗಡಿ ಮಾಡಿದ ಕೊರಿಯನ್ನರು ನಾಪಾ ಕೋಸು ಸಿಗದ ಊರಿನಲ್ಲಿ ಕ್ಯಾರೆಟ್ಟಿನಿಂದ ಮಾಡಿಕೊಂಡ ಕಿಮ್ಚಿ ಇದು. ಎಳೆ ಎಳೆಯಾಗಿ ತುರಿದ ಕ್ಯಾರೆಟ್ಟಿಗೆ ವಿನೆಗರ್, ಬೆಳ್ಳುಳ್ಳಿ, ಮೆಣಸಿನಪುಡಿ, ಕುಟ್ಟಿದ ಕೊತ್ತಂಬರಿ ಬೀಜ ಹಾಕಿ ಮೇಲೆ ಕಾದ ಎಣ್ಣೆ ಸುರಿಯುತ್ತಾರೆ. ಹೆಚ್ಚುಕಮ್ಮಿ ಒಗ್ಗರಣೆ ಹಾಕಿದ ಕೋಸಂಬರಿ. ಊರಿಂದ ಬಂದ ಹಿರಿಯರು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುವುದು ಇದನ್ನೇ.

ಆಮೇಲೆ ಜಾರ್ಜಿಯಾ ದೇಶದ ತಿನಿಸುಗಳು. ಈ ರೆಸ್ಟೋರೆಂಟುಗಳ ಮೆನು ರಷ್ಯಾದ್ದಷ್ಟೇ ಅಲ್ಲ, ಹಳೇ ಸೋವಿಯತ್ ಒಕ್ಕೂಟದ್ದು. ಸಸ್ಯಾಹಾರಿಗೆ ಬಲ ಬರುವುದೇ ಅಲ್ಲಿಂದ. ಬದ್ರಿಜಾನಿ ಅಂದರೆ ಬದನೆಕಾಯಿಯನ್ನು ಉದ್ದಕ್ಕೆ ತೆಳ್ಳಗೆ ಸೀಳಿ ಎಣ್ಣೆಯಲ್ಲಿ ಹುರಿದು, ಅಕ್ರೋಟು-ಬೆಳ್ಳುಳ್ಳಿ ಅರೆದ ಗಟ್ಟಿ ಚಟ್ನಿಯನ್ನು ಒಳಗಿಟ್ಟು ಸುರುಳಿ ಸುತ್ತಿ, ಮೇಲೆ ದಾಳಿಂಬೆ ಉದುರಿಸಿದ್ದು. ತಟ್ಟೆಯಲ್ಲಿ ಐದಾರು ಸುರುಳಿ ಇರುತ್ತವೆ, 3 ತಟ್ಟೆ ಬೇಕೇ ಬೇಕು. ಪಾಲಕ್ ಮತ್ತು ಅಕ್ರೋಟಿನ ಪ್ಖಾಲಿ 2 ತಟ್ಟೆ. ಕೆಂಪು ಹುರುಳಿಕಾಯಿ ಬೀಜದ ಲೋಬಿಯೊ 3 ಬಟ್ಟಲು, ಮಾಂಸದ ಸಾರಿನಲ್ಲಿ ಬೇಯಿಸಿಲ್ಲ ಅಂತ ಖಾತರಿ ಮಾಡಿಕೊಂಡು. ಇಮೆರೂಲಿ ಹಚಾಪುರಿ 2: ಒಳಗೆ ಚೀಸ್ ತುಂಬಿದ ಗುಂಡನೆಯ ರೊಟ್ಟಿ, ಒಂದೊಂದು 8 ತುಂಡಾಗುತ್ತದೆ. ದೋಣಿಯಾಕಾರದ ಅಜಾರೂಲಿಯ ಮೇಲೆ ಹಸಿ ಮೊಟ್ಟೆ ಒಡೆದು ಹಾಕುತ್ತಾರೆ, ಹೇಳಿದರೆ ಬಿಡುತ್ತಾರೆ. ಆದರೆ ಹಿಟ್ಟಿಗೂ ಚೀಸಿಗೂ ಮೊಟ್ಟೆ ಸೇರಿಸುವ ಅಡುಗೆಮನೆಗಳಿವೆ, ಚೀಸಿನಲ್ಲಿ ರೆನೆಟ್ಟಿನ (ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆಯುವ ಪದಾರ್ಥ) ಪ್ರಶ್ನೆಯೂ ಇದೆ. ಕಟ್ಟುನಿಟ್ಟಿನವರಿಗೆ ಉಜ್ಬೆಕ್ ತಂದೂರಿನ ಲೆಪ್ಯೋಶ್ಕಾ ರೊಟ್ಟಿ ಕೊಡಿಸಿ. ಖಾರಕ್ಕೆ ಅಜಿಕಾ ಎಂಬ ಮೆಣಸಿನಕಾಯಿ ಚಟ್ನಿ, ಹುಳಿಗೆ ತ್ಕೆಮಾಲಿ ಎಂಬ ಪ್ಲಮ್ ಗೊಜ್ಜು ಕೇಳಿದರೆ ಕೊಡುತ್ತಾರೆ. ಅಕ್ರೋಟಿನ ಅಲರ್ಜಿ ಇರುವವರು ಮಾತ್ರ ಈ ಇಡೀ ಪಂಕ್ತಿಯಿಂದ ದೂರ.

ಬಿಸಿ ತಿನಿಸುಗಳಲ್ಲಿ ಆಲೂಗಡ್ಡೆ ತುಂಬಿ ಬೇಯಿಸಿದ ಕಡುಬು ವರೇನಿಕಿ ಮಕ್ಕಳಿಗೆ ಹಿಡಿಸುತ್ತದೆ, 2 ಜನರಿಗೆ ಒಂದು ತಟ್ಟೆ. ಮೇಲೆ ಹಾಕುವ ಹುರಿದ ಈರುಳ್ಳಿ ಕೆಲವೊಮ್ಮೆ ಹಂದಿ ಕೊಬ್ಬಿನ ಚೂರುಗಳ ಜೊತೆ ಹುರಿದದ್ದಾಗಿರುತ್ತದೆ. ಎಣ್ಣೆಯಲ್ಲೋ ಬೆಣ್ಣೆಯಲ್ಲೋ ಹುರಿಯಿರಿ, ಜೊತೆಗೆ ಸ್ಮೆತಾನಾ ಎಂಬ ಹುಳಿ ಕೆನೆ ಕೊಡಿ ಅನ್ನಿ. ಹಿಟ್ಟಿಗೆ ಮೊಟ್ಟೆ ಹಾಕುವುದೇ ಹೆಚ್ಚು. ಮೊಟ್ಟೆ ಬೇಡದವರಿಗೆ ಅಣಬೆ ಹಾಕಿ ಹುರಿದ ಆಲೂಗಡ್ಡೆ ಇದೆ, ಬಾಣಲೆ ಸಮೇತ ತಂದಿಡುತ್ತಾರೆ. ಕ್ರೀಮು, ಚೀಸ್ ಹಾಕಿ ಬೇಯಿಸಿದ ಪುಟ್ಟ ಬಟ್ಟಲಿನ ಅಣಬೆ ಜೂಲಿಯೆನ್ನಿನಲ್ಲಿ ಎಷ್ಟೋ ಕಡೆ ಕೋಳಿಯೂ ಸೇರಿರುತ್ತದೆ. ಪೆಲ್ಮೇನಿ ವರೇನಿಕಿಯಂತೆ ಕಂಡರೂ ಒಳಗೆ ಮಾಂಸ. ಬೀಟ್‌ರೂಟಿನ ಸೂಪಾದ ಬೋರ್ಷ್ ವಿಷಯದಲ್ಲಿ 'ಮಾಂಸ ಹಾಕಿಲ್ಲ' ಎಂಬ ಉತ್ತರ ಬಂದರೆ ನಂಬಬೇಡಿ. ತುಂಡು ಹಾಕಿಲ್ಲ ಅಂತಷ್ಟೇ ಅದರರ್ಥ, ಸಾರು ದನದ ಮೂಳೆಯದೇ. ಉಪವಾಸದವರಿಗೆ ಮಾಡುವ 'ಪೋಸ್ತ್ನಿ' ಬೋರ್ಷ್ ಇದೆಯೇ ಅಂತ ಕೇಳಿ, ಇಲ್ಲದಿದ್ದರೆ ಬಿಡಿ. ಅಂದಹಾಗೆ ಬಡಿಸುವವರು ಉಕ್ರೇನಿನವರಾಗಿದ್ದರೆ ಬೋರ್ಷನ್ನು ರಷ್ಯನ್ ಸೂಪ್ ಅಂತ ಹೊಗಳಲು ಹೋಗಬೇಡಿ. ಉಕ್ರೇನಿಯನ್ ಬೋರ್ಷ್ ಅಡುಗೆಯ ಸಂಸ್ಕೃತಿಯನ್ನು ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿದ್ದು 2022ರಲ್ಲಿ, ಯುದ್ಧದ ನಡುವೆ.

ಈರುಳ್ಳಿ-ಬೆಳ್ಳುಳ್ಳಿಯೂ ಬೇಡ ಎನ್ನುವ ಹಿರಿಯರಿಗೆ ಇಲ್ಲಿ ಸಿಗುವುದು ರೊಟ್ಟಿ, ಬೆಣ್ಣೆ, ಬೇಯಿಸಿದ ಆಲೂಗಡ್ಡೆ, ಹಣ್ಣು. ಮನೆಯಲ್ಲೇ ಊಟ ಮುಗಿಸಿಕೊಂಡು ಕರೆದೊಯ್ಯುವುದು ಮೇಲು.

ಟೇಬಲ್ ಜೋಡಿಸುವ ರೀತಿಯಲ್ಲೂ ಒಂದು ತೊಡಕಿದೆ. ಜಾಗ ಸಾಲದೆ ತಟ್ಟೆಯ ಅಂಚಿನ ಮೇಲೆ ತಟ್ಟೆಯಿಟ್ಟು ಎರಡು ಅಂತಸ್ತು ಮಾಡುತ್ತಾರೆ. ಮೇಲಿನ ಹೆರಿಂಗ್ ತಟ್ಟೆಯಿಂದ ಫೋರ್ಕಿನಲ್ಲಿ ಎತ್ತುವಾಗ ಎಣ್ಣೆಯ ಹನಿ ಕೆಳಗಿನ ಬದನೆಕಾಯಿಗೆ ಬಿತ್ತೆಂದರೆ ಆ ತಟ್ಟೆ ಮುಗಿಯಿತು. ಸಸ್ಯಾಹಾರದ ತಟ್ಟೆಗಳೆಲ್ಲ ಟೇಬಲ್ಲಿನ ಒಂದು ತುದಿಗೆ, ಅವುಗಳಿಗೆ ಬೇರೆ ಚಮಚ, ಮೇಲೆ ಏನೂ ಇಡಕೂಡದು ಅಂತ ಮುಂಚೆಯೇ ಹೇಳಿ. ಕೂರುವವರೂ ಅದೇ ಪ್ರಕಾರ ಕೂರಲಿ. ಟೇಬಲ್ ಸ್ಪೀಕರಿನಿಂದ ದೂರ, ಕುಣಿಯುವ ಜಾಗಕ್ಕೆ ಹತ್ತಿರವಿದ್ದರೆ ಮಕ್ಕಳು ಎದ್ದುಹೋಗಿ ಬರಲು ಸುಲಭ.

ಷೋ ಇರುವ ರಾತ್ರಿ 8ಕ್ಕೆ ಕೂತರೆ ಬಿಸಿ ತಿನಿಸು ಬರುವುದು ಗಂಟೆ ಕಳೆದ ಮೇಲೆ, ಮುಖ್ಯ ಖಾದ್ಯ 10 ದಾಟಿ. ಮಕ್ಕಳ ತಟ್ಟೆಯನ್ನು ಕೂತ ತಕ್ಷಣ ತರಲು ಹೇಳಿರದಿದ್ದರೆ ಅವರು ಬ್ರೆಡ್ಡಿನಲ್ಲೇ ಹೊಟ್ಟೆ ತುಂಬಿಸಿಕೊಂಡು ನಿದ್ದೆಹೋಗುತ್ತಾರೆ. ಕುಡಿಯಲು ಕ್ರ್ಯಾನ್‌ಬೆರಿಯ ಮೋರ್ಸ್ ಅಥವಾ ಒಣಹಣ್ಣಿನ ಕಾಂಪೋತ್ ಹೂಜಿಗಟ್ಟಲೆ ಸಿಗುತ್ತದೆ. ಕ್ವಾಸ್ ಹುದುಗಿಸಿದ ರೈ ಬ್ರೆಡ್ಡಿನ ಪಾನೀಯ, ಅಲ್ಪ ಪ್ರಮಾಣದ ಆಲ್ಕೋಹಾಲು ಇರುತ್ತದೆ; ಬೇಡದವರಿಗೆ ತಿಳಿಸಿಬಿಡಿ. ಉಡುಪಿನಲ್ಲಿ ಸಂಕೋಚ ಬೇಡ, ಅಲ್ಲಿಗೆ ಬರುವವರೆಲ್ಲ ಮದುವೆಗೆ ಬಂದಂತೆ ಬಂದಿರುತ್ತಾರೆ. ಮೈಸೂರು ರೇಷ್ಮೆ ಒಪ್ಪುತ್ತದೆ, ಜೀನ್ಸೇ ಎದ್ದು ಕಾಣುವುದು.

ತಾರೀಖಿನ ವಿಷಯದಲ್ಲಿ ಒಂದು ಮಾತು. ಹುಟ್ಟಿದ ದಿನಕ್ಕೆ ಮುಂಚೆ ಶುಭ ಕೋರುವುದು ರಷ್ಯನ್ನರಲ್ಲಿ ಅಪಶಕುನ. ಮಂಗಳವಾರ ಹುಟ್ಟುಹಬ್ಬವಿದ್ದರೆ ಊಟ ಅದರ ನಂತರದ ಶನಿವಾರಕ್ಕಿರಲಿ. ಇಲ್ಲದಿದ್ದರೆ ಬ್ಯಾಂಡಿನವರು ಮೈಕಿನಲ್ಲಿ ಹೆಸರು ಕೂಗಲು ಹಿಂದೆಮುಂದೆ ನೋಡಬಹುದು. ಹೂವು ಒಯ್ಯುವುದಾದರೆ 5 ಅಥವಾ 7, ಸರಿಸಂಖ್ಯೆಯ ಹೂವು ಸಾವಿನ ಮನೆಗೆ.

ಕೇಕಿಗೆ ಅಲ್ಲಿನ ಮೆದೋವಿಕ್, ನಪೊಲಿಯೊನ್ ಎರಡೂ ರುಚಿ, ಎರಡರಲ್ಲೂ ಮೊಟ್ಟೆ. ಮೊಟ್ಟೆಯಿಲ್ಲದ ಕೇಕನ್ನು ನ್ಯೂಜೆರ್ಸಿಯ ಎಡಿಸನ್ನಿನ ಓಕ್ ಟ್ರೀ ರೋಡಿನ ಭಾರತೀಯ ಬೇಕರಿಗಳಿಂದಲೇ ಒಯ್ಯಬೇಕು. ದಾರಿಯಲ್ಲಿನ ವೆರಜಾನೊ ಸೇತುವೆ, ಬೆಲ್ಟ್ ಪಾರ್ಕ್‌ವೇ ಎರಡೂ ಬೇಸಿಗೆಯ ಶನಿವಾರ ಕಿಕ್ಕಿರಿದಿರುವುದರಿಂದ ಎರಡು ಗಂಟೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಫ್ರೆಶ್ ಕ್ರೀಮ್ ಕುಸಿಯುತ್ತದೆ. ಬೆಣ್ಣೆ ಕ್ರೀಮಿನ ಕೇಕ್ ತಗೊಂಡು, ಸೀಟಿನ ಮೇಲಲ್ಲ, ಕಾಲಿಡುವ ಸಮತಟ್ಟಾದ ಜಾಗದಲ್ಲಿಡಿ. ತಲುಪಿದ ಕೂಡಲೇ ಅಡುಗೆಮನೆಯ ಫ್ರಿಜ್ಜಿಗೆ ಕೊಟ್ಟು, ಬಿಸಿ ತಿನಿಸು ಮುಗಿದು ಷೋ ಶುರುವಾಗುವ ಮುಂಚೆ ತರಲು ಹೇಳಿ. ಷೋ ಶುರುವಾದರೆ ದೀಪವಾರಿಸಿರುತ್ತಾರೆ, ಮೇಣದಬತ್ತಿಯ ಹಾಡು ಯಾರಿಗೂ ಕೇಳಿಸುವುದಿಲ್ಲ.

ಎಷ್ಟು ಲೆಕ್ಕ ಹಾಕಿದರೂ ಮಿಕ್ಕೇ ಮಿಗುತ್ತದೆ, ಡಬ್ಬಿ ಕೇಳಲು ನಾಚಿಕೊಳ್ಳುವವರು ಅಲ್ಲಿ ಯಾರೂ ಇಲ್ಲ. ಮೇಯನೇಸಿನ ಸಲಾಡು ಹೊತ್ತುಗಟ್ಟಲೆ ಟೇಬಲ್ ಮೇಲಿದ್ದದ್ದು, ಕಟ್ಟಿಸಬೇಡಿ. ವಿನೆಗ್ರೆತ್ ಮಾರನೆಯ ದಿನಕ್ಕೆ ಇನ್ನೂ ಚೆನ್ನ. ಹಚಾಪುರಿಯನ್ನು ಮೈಕ್ರೋವೇವಿನಲ್ಲಿಟ್ಟರೆ ಚರ್ಮದಂತಾಗುತ್ತದೆ. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ, ಎರಡೂ ಬದಿ ಎರಡೆರಡು ನಿಮಿಷ.