ಕ್ಯಾಮೆರಾ ಇರುವ ನರ್ಫ್ ಗನ್ನಿನಲ್ಲಿ ನೋಡುವಂಥ ವಿಡಿಯೊ ತೆಗೆಯುವುದು ಹೇಗೆ

2014ರಲ್ಲಿ ನರ್ಫ್ ಕ್ಯಾಮ್ ಇಸಿಎಸ್-12 ಅಂತ ಒಂದು ಆಟಿಕೆ ಗನ್ ಬಂತು. ಅಮೆರಿಕದ ಹ್ಯಾಸ್ಬ್ರೋ ಕಂಪನಿಯದು, ನರ್ಫ್ ಅನ್ನುವುದು ಫೋಮಿನ ಡಾರ್ಟ್ (ಮೆತ್ತನೆಯ ಪುಟ್ಟ ಬಾಣ) ಹೊಡೆಯುವ ಅವರ ಆಟಿಕೆಗಳ ಹೆಸರು. ಹನ್ನೆರಡು ಡಾರ್ಟ್ ಹಿಡಿಯುವ ಕ್ಲಿಪ್, ಬ್ಯಾಟರಿಯಲ್ಲಿ ತಿರುಗುವ ಚಕ್ರಗಳು, ಮೈಗೇ ಕೂಡಿಸಿದ ಕ್ಯಾಮೆರಾ, ಒಂದು ಪುಟ್ಟ ಪರದೆ, ಜೊತೆಗೆ 4 ಜಿಬಿ ಮೆಮೊರಿ ಕಾರ್ಡ್. ಈಗ ಅಂಗಡಿಯಲ್ಲಿ ಹೊಸದು ಕಾಣುವುದಿಲ್ಲ, ಆದರೆ ಅಮೆರಿಕದಲ್ಲಿ ಇರುವ ನಮ್ಮವರಿಗೆ ಗ್ಯಾರೇಜ್ ಸೇಲ್‌ಗಳಲ್ಲಿ, ಹಳೇ ಸಾಮಾನಿನ ಸೈಟುಗಳಲ್ಲಿ ಸಿಗುತ್ತದೆ. ಮಕ್ಕಳು ಹಟ ಮಾಡಿ ಮನೆಗೆ ತರುತ್ತಾರೆ, ಮೊದಲ ದಿನ ಒಂದು ವಿಡಿಯೊ ತೆಗೆಯುತ್ತಾರೆ. ಅದರಲ್ಲಿ ಏನಿರುತ್ತೆ ಹೇಳಿ? ಸೀಲಿಂಗ್, ನೆಲ, ಯಾರದೋ ಕಾಲು, ಮತ್ತೆ ಸೀಲಿಂಗ್. ಆಮೇಲೆ ಕ್ಯಾಮೆರಾ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಇದನ್ನು ಗನ್ ಅಂತ ಹಿಡಿದರೆ ವಿಡಿಯೊ ಹಾಗೇ ಬರುವುದು. ಮೊದಲು ಕ್ಯಾಮೆರಾ, ಆಮೇಲೆ ಗನ್ ಅಂತ ಹಿಡಿಯಬೇಕು, ಅಷ್ಟೇ.

ಕೊಳ್ಳುವಾಗ ಬ್ಯಾಟರಿ ಗೂಡಿನ ಮುಚ್ಚಳ ತೆಗೆಸಿ ನೋಡಿ. ಹಳೇ ಸೆಲ್ ಸೋರಿದ್ದರೆ ತಗಡಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಅಂಟಿರುತ್ತದೆ. ಸ್ವಲ್ಪ ಇದ್ದರೆ ಭಯ ಬೇಡ, ಕಿವಿ ಒರೆಸುವ ಹತ್ತಿಕಡ್ಡಿಗೆ ವಿನೆಗರ್ ಹಚ್ಚಿ ಉಜ್ಜಿದರೆ ಹೋಗುತ್ತದೆ, ಕೈಗೆ ಗ್ಲೌಸ್ ಇರಲಿ. ತಗಡೇ ತಿಂದು ಹೋಗಿದ್ದರೆ ಬಿಟ್ಟುಬಿಡಿ. ಪರದೆ ಹತ್ತುವುದನ್ನೂ ಚಕ್ರ ತಿರುಗುವುದನ್ನೂ ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಸೆಲ್ ಹಾಕುವಾಗ ಮುಚ್ಚಳದ ಹತ್ತಿರ ಅಚ್ಚಾದ ಗಾತ್ರದ್ದೇ ಹಾಕಿ, ಎಲ್ಲವೂ ಹೊಸದಾಗಿರಲಿ. ಎರಡು ಹಳೇದು ಎರಡು ಹೊಸದು ಅಂತ ಬೆರೆಸಿದರೆ ಚಕ್ರಕ್ಕೆ ಜೋರು ಬರುವುದಿಲ್ಲ, ಡಾರ್ಟ್ ಸಿಕ್ಕಿಕೊಳ್ಳುತ್ತದೆ, ಹಳೇ ಸೆಲ್ ಸೋರಿದರೂ ಸೋರಬಹುದು.

ಮೆಮೊರಿ ಕಾರ್ಡಿನದ್ದೇ ಒಂದು ಕಥೆ. ದೊಡ್ಡ ಕಾರ್ಡ್ ಹಾಕಿದರೆ ಜಾಸ್ತಿ ಹೊತ್ತು ರೆಕಾರ್ಡ್ ಆಗುತ್ತೆ ಅಂತ 64 ಜಿಬಿಯದನ್ನು ತುರುಕುವವರಿದ್ದಾರೆ. 32 ಜಿಬಿ ದಾಟಿದ ಕಾರ್ಡುಗಳು ಎಕ್ಸ್‌ಫ್ಯಾಟ್ ಅನ್ನುವ ಬೇರೆ ರೀತಿಯಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ, ಇಂಥ ಹಳೇ ಕಾಲದ ಚಿಕ್ಕ ಯಂತ್ರಗಳಿಗೆ ಎಷ್ಟೋ ಸಲ ಅದು ಅರ್ಥವೇ ಆಗುವುದಿಲ್ಲ. ಜೊತೆಗೆ ಬಂದ 4 ಜಿಬಿ ಕಾರ್ಡೇ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಕಳೆದುಹೋಗಿದ್ದರೆ ಅಷ್ಟೇ ಗಾತ್ರದ್ದನ್ನು ಹುಡುಕಿ, ಕಂಪ್ಯೂಟರಿನಲ್ಲಿ ಫ್ಯಾಟ್32 ಅನ್ನುವ ಹಳೇ ರೀತಿಯನ್ನು ಆರಿಸಿ ಫಾರ್ಮ್ಯಾಟ್ ಮಾಡಿ. ಎಲ್ಲ ಸರಿಯಿದ್ದೂ ರೆಕಾರ್ಡ್ ಆಗುತ್ತಿಲ್ಲ ಅಂದರೆ ಕಾರ್ಡನ್ನು ಹೊರಗೆ ತೆಗೆದು, ಹೆಸರು ಅಚ್ಚಾದ ಮುಖ ನಿಮ್ಮ ಕಡೆ ನೆಟ್ಟಗೆ ಇರುವ ಹಾಗೆ ಹಿಡಿದು ಎಡಗಡೆ ಅಂಚು ನೋಡಿ. ಉಗುರಿನಲ್ಲಿ ಸರಿಸುವಷ್ಟು ಸಣ್ಣ ಬಿಳಿ ತುಂಡೊಂದು ಇರುತ್ತದೆ. ಅದು ಕೆಳಗೆ ಜಾರಿದ್ದರೆ ಕಾರ್ಡಿಗೆ ಬೀಗ ಬಿದ್ದ ಹಾಗೆ, ಏನೂ ಬರೆಯಲು ಬಿಡುವುದಿಲ್ಲ. ಮೇಲಕ್ಕೆ ಸರಿಸಿ ಮತ್ತೆ ಹಾಕಿ. ಅರ್ಧ ಜನರ ಕ್ಯಾಮೆರಾ ಇಷ್ಟಕ್ಕೇ 'ರಿಪೇರಿ' ಆಗಿಬಿಡುತ್ತದೆ!

ಇನ್ನು ಡಾರ್ಟ್. ಇದಕ್ಕೆ ಹಾಕುವ 'ಎಲೈಟ್' ಅನ್ನುವ ಜಾತಿಯ ಡಾರ್ಟ್ ಅರ್ಧ ಇಂಚು ದಪ್ಪ, ಹೆಚ್ಚುಕಮ್ಮಿ ಮೂರು ಇಂಚು ಉದ್ದ. ಎರಡು ಚಕ್ರಗಳ ಸಂದಿನಲ್ಲಿ ಅದನ್ನು ಹಿಂಡಿ ಮುಂದಕ್ಕೆ ಎಸೆಯುವುದೇ ಈ ಗನ್ನಿನ ಕೆಲಸ, ಹಾಗಾಗಿ ಡಾರ್ಟ್ ಸೊಟ್ಟಗಿದ್ದರೆ ಏಟು ಸೊಟ್ಟಗೆ ಹೋಗುತ್ತದೆ. ಪ್ರತಿಯೊಂದನ್ನೂ ಮೇಜಿನ ಮೇಲೆ ಉರುಳಿಸಿ ನೋಡಿ. ನೆಟ್ಟಗೆ ಉರುಳಿದ್ದು ಕ್ಲಿಪ್‌ಗೆ, ಕುಂಟುತ್ತಾ ಹೋದದ್ದು ಪಕ್ಕಕ್ಕೆ, ತಲೆ ಬಿಟ್ಟುಕೊಂಡದ್ದು ಕಸಕ್ಕೆ. ತುಂಬಿದ ಕ್ಲಿಪ್ಪನ್ನು ಅಂಗೈ ಮೇಲೆ ಒಂದೆರಡು ಸಲ ಕುಟ್ಟಿ, ಡಾರ್ಟುಗಳೆಲ್ಲ ಹಿಂದಕ್ಕೆ ಸರಿದು ಕೂರುತ್ತವೆ. ಆಟ ಮುಗಿದ ಮೇಲೆ ಖಾಲಿ ಮಾಡಿ ಇಡಿ, ವಾರಗಟ್ಟಲೆ ತುಂಬಿಟ್ಟರೆ ಫೋಮ್ ಚಪ್ಪಟೆಯಾಗುತ್ತದೆ.

ಹೊಡೆಯುವಾಗ ಎಲ್ಲ ಮಕ್ಕಳೂ ಒಂದೇ ಅವಸರ ಮಾಡುತ್ತಾರೆ. ಚಕ್ರ ತಿರುಗಿಸುವ ಕುದುರೆ (ಟ್ರಿಗರ್) ಬೇರೆ, ಡಾರ್ಟ್ ತಳ್ಳುವ ಕುದುರೆ ಬೇರೆ. ಮೊದಲನೆಯದನ್ನು ಒತ್ತಿ, ಗುಂಯ್ ಅನ್ನುವ ಸದ್ದು ಏರಿ ಒಂದೇ ಸಮ ನಿಲ್ಲುವ ತನಕ ಕಾಯಿರಿ, ಆಮೇಲೆ ಎರಡನೆಯದು. ಎರಡನ್ನೂ ಒಟ್ಟಿಗೆ ಒತ್ತಿದರೆ ಡಾರ್ಟ್ ಕಾಲ ಬುಡದಲ್ಲೇ ಬೀಳುತ್ತದೆ, ಇಲ್ಲವೇ ನಿಂತ ಚಕ್ರಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಮೋಟಾರ್ ಒತ್ತಿ ಹೊರಗೆ ಹಾರಿಸಲು ಹೋಗಬೇಡಿ. ಕುದುರೆಗಳನ್ನು ಬಿಡಿ, ಕ್ಲಿಪ್ ತೆಗೆಯಿರಿ, ಸಿಕ್ಕಿದ ಡಾರ್ಟ್ ತೆಗೆಯಲು ಇರುವ ಚಿಕ್ಕ ಬಾಗಿಲು ತೆರೆದು ಬೆರಳಲ್ಲಿ ಎಳೆಯಿರಿ. ಹಾಗೆಯೇ ಟಪಟಪ ಹನ್ನೆರಡನ್ನೂ ಒಂದೇ ಉಸಿರಿಗೆ ಹೊಡೆದರೆ ಕೊನೆಯವು ಸೋತು ಬೀಳುತ್ತವೆ, ಯಾಕೆಂದರೆ ಪ್ರತಿ ಡಾರ್ಟೂ ಚಕ್ರದ ವೇಗವನ್ನು ಒಂಚೂರು ತಿನ್ನುತ್ತದೆ.

ಈ ಕಾಯುವ ಕ್ಷಣವೇ ವಿಡಿಯೊಗೂ ಒಳ್ಳೆಯದು. ರೆಕಾರ್ಡ್ ಒತ್ತಿ, ಗುರಿ ಕಡೆ ಹಿಡಿದು ಮನಸ್ಸಿನಲ್ಲೇ ಮೂರು ಎಣಿಸಿ, ಹೊಡೆಯಿರಿ, ಹೊಡೆದ ಮೇಲೂ ಮೂರು ಎಣಿಸುವ ತನಕ ಗನ್ ಕೆಳಗಿಳಿಸಬೇಡಿ. ಡಾರ್ಟ್ ಬಡಿದವನ ಮುಖ ಸಿಗುವುದೇ ಆ ಕೊನೆಯ ಮೂರರಲ್ಲಿ, ನಗು ಇರುವುದೇ ಅಲ್ಲಿ ಅಲ್ವಾ? ಎರಡೂ ಕೈಯಲ್ಲಿ ಹಿಡಿದು ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ. ಮೋಟಾರ್ ನಡುಗುವಾಗ ಇಂಥ ಅಗ್ಗದ ಕ್ಯಾಮೆರಾದ ಚಿತ್ರ ಅಲುಗಾಡುತ್ತದೆ, ಒಂದೇ ಕೈಯಲ್ಲಿ ಹಿಡಿದರೆ ಇನ್ನೂ ಕೆಡುತ್ತದೆ. ಓಡುವಾಗ ರೆಕಾರ್ಡ್ ಮಾಡಿದ್ದೆಲ್ಲ ವ್ಯರ್ಥ ಅಂತಲೇ ಇಟ್ಟುಕೊಳ್ಳಿ. ಓಡಿ, ಅಡಗಿ, ನಿಂತು, ಆಮೇಲೆ ತೆಗೆಯಿರಿ. ಬೆಳಕು ಮುಖ್ಯ. ಕತ್ತಲೆಯ ಬೇಸ್‌ಮೆಂಟಿಗಿಂತ ಮಧ್ಯಾಹ್ನದ ಹಿತ್ತಲು ಎಷ್ಟೋ ಮೇಲು, ಸೂರ್ಯ ಬೆನ್ನ ಹಿಂದೆ ಇರಲಿ. ಮೋಟಾರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಮಾತು ಬೇಕಿದ್ದರೆ ಪಕ್ಕದಲ್ಲಿ ಯಾರಾದರೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ.

ಪರದೆಯ ನಡುವಿಗೆ ಗುರಿ ಇಟ್ಟರೆ ಡಾರ್ಟ್ ಅಲ್ಲೇ ಬಡಿಯುವುದಿಲ್ಲ. ಕ್ಯಾಮೆರಾದ ಕಣ್ಣು ಒಂದು ಕಡೆ, ನಳಿಗೆ ಇನ್ನೊಂದು ಕಡೆ. ಗ್ಯಾರೇಜ್ ಬಾಗಿಲಿಗೆ ಚಾಕ್‌ಪೀಸಿನಲ್ಲಿ ಒಂದು ಗುಂಡಗಿನ ಗುರುತು ಹಾಕಿ, ಹದಿನೈದು ಅಡಿ ದೂರದಿಂದ ಐದಾರು ಡಾರ್ಟ್ ಹೊಡೆಯಿರಿ, ಎಷ್ಟು ಕೆಳಗೆ, ಯಾವ ಪಕ್ಕಕ್ಕೆ ಹೋಗುತ್ತಿವೆ ನೋಡಿಕೊಳ್ಳಿ. ಅಷ್ಟು ಬಿಟ್ಟು ಗುರಿ ಇಡುವುದು ಮಕ್ಕಳಿಗೆ ಬೇಗ ರೂಢಿಯಾಗುತ್ತದೆ.

ಕಣ್ಣಿನ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡುವುದಿಲ್ಲ. ಫೋಮ್ ತಾನೇ ಅಂತ ಸುಮ್ನೆ ಇರಬೇಡಿ. 2017ರಲ್ಲಿ ಲಂಡನ್ನಿನ ಕಣ್ಣಿನ ವೈದ್ಯರು ಇಂಥ ಡಾರ್ಟ್ ಬಡಿದ ಮೂವರ ಬಗ್ಗೆ ವರದಿ ಬರೆದಿದ್ದರು, ಮೂವರಿಗೂ ಕಣ್ಣಿನೊಳಗೆ ರಕ್ತ ಬಂದಿತ್ತು. ಆಡುವ ಪ್ರತಿಯೊಬ್ಬರಿಗೂ ಕನ್ನಡಕ ಬೇಕು, ಶಾಲೆಯ ಲ್ಯಾಬಿನಲ್ಲಿ ಹಾಕುವಂಥ ಪ್ಲಾಸ್ಟಿಕ್ಕಿನದು ಸಾಕು. ತುದಿಯ ಕಿತ್ತಳೆ ಬಣ್ಣದ ಮೇಲೆ ಕಪ್ಪು ಪೇಂಟ್ ಹೊಡೆಯಲು ಹುಡುಗರು ಆಸೆಪಡುತ್ತಾರೆ, ಬಿಡಲೇಬೇಡಿ. ಇದು ಆಟಿಕೆ ಅಂತ ದೂರದಿಂದ ಗೊತ್ತಾಗಲಿ ಅಂತಲೇ ಅಮೆರಿಕದ ಕಾನೂನಿನಲ್ಲಿ ಆ ಗುರುತು ಇದೆ. ಬೀದಿಗೆ, ಶಾಲೆಗೆ ಒಯ್ಯುವುದಂತೂ ಬೇಡವೇ ಬೇಡ.

ಪಕ್ಕದ ಮನೆ ಮಕ್ಕಳು ಆಟಕ್ಕೆ ಬಂದರೆ ಅವರ ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ, ಇದರಲ್ಲಿ ಕ್ಯಾಮೆರಾ ಇದೆ ಅಂತ. ನೋಡಿದರೆ ಗನ್ನಿನ ಹಾಗೇ ಕಾಣುವುದರಿಂದ ಅವರಿಗೆ ಹೊಳೆಯುವುದೇ ಇಲ್ಲ. ವಿಡಿಯೊ ಮನೆಯ ವಾಟ್ಸ್ಯಾಪ್ ಗುಂಪಿಗೆ ಹೋಗಬೇಕಿದ್ದರೂ ಅವರನ್ನು ಕೇಳಿಯೇ ಹಾಕಿ.

ಮುಗಿದ ಮೇಲೆ ಕಾರ್ಡಿನಿಂದ ಫೈಲುಗಳನ್ನು ಕಂಪ್ಯೂಟರಿಗೆ ನಕಲು ಮಾಡಿ, ಕಾರ್ಡಿನ ಮೇಲೇ ಕತ್ತರಿಸಲು ಹೋಗಬೇಡಿ. ಓಡದ ಫೈಲ್ ಇದ್ದರೆ ವಿಎಲ್‌ಸಿ ಅನ್ನುವ ಉಚಿತ ವಿಡಿಯೊ ಪ್ಲೇಯರಿನಲ್ಲಿ ತೆರೆದು ನೋಡಿ. ಹೊಡೆತದ ಹಿಂದುಮುಂದಿನ ಮೂರು ಮೂರು ಸೆಕೆಂಡ್ ಇಟ್ಟುಕೊಂಡು ಮಿಕ್ಕಿದ್ದನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ. ಒಂದು ಮಧ್ಯಾಹ್ನದ ಆಟಕ್ಕೆ ಒಂದು ನಿಮಿಷದ ವಿಡಿಯೊ ಧಾರಾಳ ಆಯಿತು.

ರಜೆಗೆ ಊರಿಗೆ ಬರುವಾಗ ಅಕ್ಕನ ಮಗನಿಗೆ ಅಂತ ಒಯ್ಯುವವರು ಇದನ್ನು ಕೈಚೀಲದಲ್ಲಿ ಇಡಬೇಡಿ, ಆಟಿಕೆ ಗನ್ ಅಂದರೂ ವಿಮಾನ ನಿಲ್ದಾಣದ ಭದ್ರತೆಯವರು ತೆಗೆದಿಟ್ಟುಕೊಳ್ಳಬಹುದು. ಸೆಲ್ ಬಿಚ್ಚಿ, ಕ್ಲಿಪ್ ಬೇರೆ ಮಾಡಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಹಾಕಿ. ಮೆಮೊರಿ ಕಾರ್ಡ್ ಮಾತ್ರ ನಿಮ್ಮ ಪರ್ಸಿನಲ್ಲೇ ಇರಲಿ.