ಒಂದೇ ಪುಟಕ್ಕೆ ಎರಡು ಟೈಟಲ್: ಹಳೇ ವರ್ಡ್‌ಪ್ರೆಸ್ ಥೀಮ್ ಸರಿ ಮಾಡಿದ ಅನುಭವ

ಪರಿಚಯದವರೊಬ್ಬರ ಅಡುಗೆ ಸೈಟನ್ನು ನಾನೇ ನೋಡಿಕೊಳ್ಳುತ್ತೇನೆ. ಅದರ ಥೀಮ್ (ಸೈಟಿನ ರೂಪ ನಿರ್ಧರಿಸುವ ಫೈಲುಗಳ ಕಟ್ಟು) ಹಳೇದು, ಆದರೆ ಅವರಿಗೆ ಅದೇ ಇಷ್ಟ. ನಾಲ್ಕೈದು ಅಡುಗೆ ತೆರೆದಿಟ್ಟರೆ ಯಾವ ಟ್ಯಾಬ್ ಯಾವುದು ಅಂತ ತಿಳಿಯುತ್ತಿರಲಿಲ್ಲ, ಎಲ್ಲದರಲ್ಲೂ ಸೈಟಿನ ಹೆಸರೇ ಮುಂದೆ.

ನೀರ್ ದೋಸೆ ಪುಟದ ಸೋರ್ಸ್ (ಪುಟದ ಹಿಂದಿನ ಕೋಡ್) ತೆರೆದು ಟೈಟಲ್ ಟ್ಯಾಗ್, ಅಂದರೆ ಟ್ಯಾಬಿನಲ್ಲಿ ಕಾಣುವ ಹೆಸರು ಬರೆದಿರುವ ಜಾಗ, ಹುಡುಕಿದೆ. ಮೂರು ಸಿಕ್ಕವು. ಕೆಳಗಿದ್ದದ್ದು ಎಸ್‌ವಿಜಿ (ಕೋಡಿನಲ್ಲೇ ಬರೆದ ಚಿತ್ರ) ಐಕಾನಿನ ಒಳಗಿನದು, ಐಕಾನಿನ ಹೆಸರು ಅಷ್ಟೇ, ಅದನ್ನು ಮುಟ್ಟಬಾರದು. ಉಳಿದೆರಡೂ ಹೆಡ್ (ಪುಟದ ಬಗೆಗಿನ ವಿವರಗಳಿರುವ ಕೋಡಿನ ಮೊದಲ ಭಾಗ) ಒಳಗೇ ಇದ್ದವು. ಮೊದಲನೆಯದು ‘ಸೈಟಿನ ಹೆಸರು » ನೀರ್ ದೋಸೆ’, ಎರಡನೆಯದು ‘ನೀರ್ ದೋಸೆ – ಸೈಟಿನ ಹೆಸರು’. ಬ್ರೌಸರ್ ಟ್ಯಾಬಿನಲ್ಲಿ ತೋರಿಸುವುದು ಮೊದಲನೆಯದನ್ನೇ. ಆ ಜೋಡಿ ಬಾಣ ನೋಡಿದ ಕೂಡಲೇ ಗೊತ್ತಾಯಿತು, ಇದು ಡಬ್ಲ್ಯುಪಿ_ಟೈಟಲ್ ಅನ್ನೋ ಹಳೇ ಫಂಕ್ಷನ್ ಕೆಲಸ. ಬೇರೆ ಗುರುತು ಕೊಡದಿದ್ದರೆ ಅದು ಬಾಣವನ್ನೇ ಹಾಕುತ್ತದೆ.

ಮೊದಲೆಲ್ಲ ಥೀಮಿನ ಹೆಡರ್ ಫೈಲಿನಲ್ಲೇ ಟೈಟಲ್ ಬರೆಯುತ್ತಿದ್ದರು. 2014ರ ಡಿಸೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 4.1ರಿಂದ, ಫಂಕ್ಷನ್ಸ್ ಫೈಲಿನಲ್ಲಿ ‘ಟೈಟಲ್-ಟ್ಯಾಗ್’ ಸಪೋರ್ಟ್ ಅಂತ ಒಂದು ಸಾಲು ಹಾಕಿದರೆ ಸಾಕು, ವರ್ಡ್‌ಪ್ರೆಸ್ ತಾನೇ ಬರೆಯುತ್ತದೆ. ಇಲ್ಲಿ ಯಾರೋ ಹೊಸ ಸಾಲು ಸೇರಿಸಿ ಹಳೇದನ್ನು ಹಾಗೇ ಬಿಟ್ಟಿದ್ದರು.

ಎರಡರಲ್ಲಿ ಒಂದನ್ನು ತೆಗೆಯಬೇಕು. ತೆಗೆಯಬೇಕಾದದ್ದು ಹಳೇದನ್ನೇ, ಇದರಲ್ಲಿ ನನಗೆ ಅನುಮಾನವಿಲ್ಲ. ಟೈಟಲ್ ಬರೆಯುವ ಕೆಲಸ ವರ್ಡ್‌ಪ್ರೆಸ್ ಕೈಯಲ್ಲಿದ್ದರೆ ನಾಳೆ ಎಸ್‌ಇಒ ಪ್ಲಗಿನ್ (ಸರ್ಚ್‌ನಲ್ಲಿ ಸೈಟ್ ಚೆನ್ನಾಗಿ ಕಾಣಲು ನೆರವಾಗುವ ಸೇರ್ಪಡೆ) ಹಾಕಿದರೂ ಅದು ಫಿಲ್ಟರ್ (ಬೇರೆ ಕೋಡ್ ಬದಲಾಯಿಸಲೆಂದೇ ಬಿಟ್ಟಿರುವ ದಾರಿ) ಮೂಲಕ ಸಲೀಸಾಗಿ ಬದಲಾಯಿಸುತ್ತದೆ, ಯಾವ ಫೈಲನ್ನೂ ಮತ್ತೆ ತೆರೆಯಬೇಕಾಗಿಲ್ಲ.

ಮೂಲ ಥೀಮಿನಲ್ಲೇ ತಿದ್ದಿದರೆ ಮುಂದಿನ ಅಪ್‌ಡೇಟ್‌ಗೆ ಎಲ್ಲಾ ಅಳಿಸಿಹೋಗುತ್ತದೆ, ಅಲ್ವಾ? ಅದಕ್ಕೇ ಹೆಡರ್ ಫೈಲನ್ನು ಚೈಲ್ಡ್ ಥೀಮಿಗೆ (ಮೂಲ ಥೀಮ್ ಮುಟ್ಟದೆ ನಮ್ಮ ಬದಲಾವಣೆಗಳನ್ನು ಇಡುವ ಬೇರೆ ಫೋಲ್ಡರ್) ಕಾಪಿ ಮಾಡಿ, ಅಲ್ಲಿ ಟೈಟಲ್ ಟ್ಯಾಗ್ ಶುರುವಿನಿಂದ ಮುಗಿಯುವವರೆಗೆ ಇಡೀ ಸಾಲು ತೆಗೆದೆ. ಅದರ ಕೆಳಗೇ ಇರುವ ಡಬ್ಲ್ಯುಪಿ_ಹೆಡ್ ಸಾಲನ್ನು ಮಾತ್ರ ಜೋಪಾನವಾಗಿ ಉಳಿಸಿಕೊಳ್ಳಿ. ಹೊಸ ಟೈಟಲ್ ಬರುವುದು ಅಲ್ಲಿಂದಲೇ, ಸ್ಟೈಲ್, ಸ್ಕ್ರಿಪ್ಟ್ ಬರುವುದೂ ಅಲ್ಲಿಂದಲೇ.

ಕ್ಯಾಶ್ (ಉಳಿಸಿಟ್ಟಿರುವ ಪುಟಗಳ ಹಳೇ ಪ್ರತಿಗಳು) ಖಾಲಿ ಮಾಡಿ ನೋಡಿದರೆ ಅಡುಗೆ ಪುಟಗಳೆಲ್ಲ ಸರಿ, ಮುಖಪುಟದಲ್ಲಿ ಮಾತ್ರ ಇನ್ನೂ ಎರಡು! ಥೀಮ್ ಫೋಲ್ಡರ್ ಪೂರ್ತಿ ಹುಡುಕಿದೆ. ಮುಖಪುಟಕ್ಕೇ ಅಂತ ಹೆಡರ್-ಹೋಮ್ ಅನ್ನೋ ಇನ್ನೊಂದು ಫೈಲ್ ಇತ್ತು, ಅದರಲ್ಲೂ ಅದೇ ಸಾಲು. ಅದನ್ನೂ ಚೈಲ್ಡ್ ಥೀಮಿಗೆ ತಂದು ತೆಗೆದೆ. ಆಮೇಲೆ ವಿಭಾಗದ ಪುಟ, ಹುಡುಕಾಟದ ಪುಟ, ಕೇಳಿದ ಪುಟ ಸಿಗದಾಗ ಬರುವ 404 ಪುಟ ಎಲ್ಲದರ ಸೋರ್ಸ್ ತೆರೆದು ನೋಡಿದೆ. ಈಗ ಎಲ್ಲಾ ಕಡೆ ಹೆಡ್ ಒಳಗೆ ಒಂದೇ ಟೈಟಲ್.