ಬಿಟ್ಟ ಊಟದ ಬೆಲೆ: ತಪಸ್ಸುಕಾಲದ ದಾನಸಂಗ್ರಹ ಮಾಡುವುದು ಹೇಗೆ?

ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ಉಪವಾಸದ ಕಾಲವೇ ತಪಸ್ಸುಕಾಲ. ಅದು ಶುರುವಾಗುವ ವಿಭೂತಿ ಬುಧವಾರ ಹತ್ತಿರ ಬಂತೆಂದರೆ ಬೆಂಗಳೂರಿನ ಕ್ಯಾಥೊಲಿಕ್ ಧರ್ಮಕೇಂದ್ರಗಳಲ್ಲಿ (ಪ್ಯಾರಿಷ್‌ಗಳಲ್ಲಿ) ಕಾಣಿಕೆ ಡಬ್ಬಿಯ ಮಾತು ಶುರು. ಡಬ್ಬಿ ಅಚ್ಚಾಗುತ್ತದೆ, ಹಂಚಿಕೆಯಾಗುತ್ತದೆ, ಪಾಸ್ಖ ಹಬ್ಬದ ಹೊತ್ತಿಗೆ ಅರ್ಧ ಡಬ್ಬಿಗಳು ಟಿವಿ ಹಿಂದೆ ಸೇರಿರುತ್ತವೆ. ‘ಜನರಿಗೆ ಕೊಡುವ ಮನಸ್ಸಿಲ್ಲ’ ಎಂದು ಸಮಿತಿಯವರು ಗೊಣಗುತ್ತಾರೆ. ಬಹುಪಾಲು ಕಡೆ ತಪ್ಪು ಜನರದ್ದಲ್ಲ, ಕೇಳಿದ ರೀತಿಯದ್ದು. ಪ್ರಾರ್ಥನೆ, ಉಪವಾಸ, ದಾನ ಈ ಮೂರನ್ನೂ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ ಒಟ್ಟಿಗೇ ಹೇಳುತ್ತದೆ. ವಿಭೂತಿ ಬುಧವಾರದ ಬಲಿಪೂಜೆಯಲ್ಲಿ ಓದುವುದೂ ಅದನ್ನೇ. ದಾನವನ್ನು ಉಪವಾಸದಿಂದ ಬೇರ್ಪಡಿಸಿ ಕೇಳಿದರೆ ಅದು ಇನ್ನೊಂದು ಚಂದಾ ವಸೂಲಿ ಅಷ್ಟೇ.

ಮೊದಲು ಲೆಕ್ಕ

ಉಪವಾಸದ ದಿನ ಬಿಟ್ಟ ಊಟದ ಬೆಲೆ ಎಷ್ಟೆಂದು ಲೆಕ್ಕ ಹಾಕಿ, ಆ ಹಣವನ್ನು ವಿಧವೆಗೋ ಅನಾಥರಿಗೋ ಕೊಡು ಎಂಬ ಮಾತು 2ನೇ ಶತಮಾನದ ರೋಮಿನ ಕ್ರೈಸ್ತ ಬರಹದಲ್ಲೇ ಇದೆ. ಇಡೀ ಯೋಜನೆಯನ್ನು ಇದರ ಮೇಲೆಯೇ ಕಟ್ಟಿ. ‘ಬಡವರ ಏಳಿಗೆಗಾಗಿ’ ಎಂದು ಬರೆದ ಡಬ್ಬಿಗೆ ಎಷ್ಟು ಹಾಕಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಒಂದೇ ಒಂದು ದಯಾಕಾರ್ಯ ಆರಿಸಿಕೊಳ್ಳಿ, ಅದಕ್ಕೆ ಬೆಲೆ ಕಟ್ಟಿ.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ದೂರದ ಊರುಗಳಿಂದ ಬಂದ ರೋಗಿಗಳ ಜೊತೆಗಿರುವವರಿಗೆ ರಾತ್ರಿ ಊಟ ಕೊಡುವುದು ಎಂದಿಟ್ಟುಕೊಳ್ಳಿ. ಊಟಕ್ಕೆ 60 ರೂಪಾಯಿ, ದಿನಕ್ಕೆ 40 ಜನ, 40 ದಿನ: ಒಟ್ಟು 96,000 ರೂಪಾಯಿ. ಇನ್ನು ಈ ಕಡೆಯ ಲೆಕ್ಕ. ಶುಭ ಶುಕ್ರವಾರವೂ (ಗುಡ್ ಫ್ರೈಡೇ) ಸೇರಿ ತಪಸ್ಸುಕಾಲದಲ್ಲಿ ಏಳು ಶುಕ್ರವಾರ ಬರುತ್ತವೆ. ಒಂದು ಮನೆ ಶುಕ್ರವಾರಕ್ಕೊಂದು ಊಟದ ಬೆಲೆ ಎತ್ತಿಟ್ಟರೆ 420 ರೂಪಾಯಿ. 300 ಡಬ್ಬಿ ಹಂಚಿದರೆ ಮುನ್ನೂರೂ ವಾಪಸ್ ಬರುವುದಿಲ್ಲ. ಮುಕ್ಕಾಲು ಪಾಲು ಬಂದರೂ 94,500. ಗುರಿಗೆ ಇಷ್ಟು ಹತ್ತಿರ ಬಂದರೆ ಸಾಕು.

ಧರ್ಮಕೇಂದ್ರದಿಂದಲ್ಲದೆ ಕೆಲವರು ಖಾಸಗಿಯಾಗಿ ಸೇರಿ ಸಂಗ್ರಹಿಸುವುದಾದರೆ ಮೊದಲು ಧರ್ಮಾಧ್ಯಕ್ಷರ (ಬಿಷಪ್ಪರ) ಲಿಖಿತ ಅನುಮತಿ ಬೇಕು. ಧರ್ಮಸಭೆಯ ಕಾನೂನಿನ 1265ನೇ ವಿಧಿ ಇದನ್ನೇ ಹೇಳುತ್ತದೆ.

ಡಬ್ಬಿ

300 ಜಿಎಸ್‌ಎಂ ರಟ್ಟು, ಮೇಲೆ ಮಡಿಸಿದ ನೋಟು ಹೋಗುವಷ್ಟು ಸೀಳು. ಅಗ್ಗದ ಡಬ್ಬಿಗಳ ತಳ ಬರೀ ಮಡಿಕೆಯ ಮೇಲೆ ನಿಂತಿರುತ್ತದೆ. ಹತ್ತರ ನೂರು ನಾಣ್ಯ ಮುಕ್ಕಾಲು ಕಿಲೋ ಮೀರಿ ತೂಗುತ್ತವೆ, ತಳ ಕಳಚುತ್ತದೆ; ಆದ್ದರಿಂದ ತಳಕ್ಕೆ ಅಂಟು ಹಾಕಿಸಿ. ಪ್ಲಾಸ್ಟಿಕ್ ಹುಂಡಿ ಬೇಡವೇ ಬೇಡ. ತಪಸ್ಸುಕಾಲದಲ್ಲಿ ಪ್ಲಾಸ್ಟಿಕ್ ಹಂಚುವುದು ಚೆನ್ನಾಗೂ ಕಾಣದು. ಡಬ್ಬಿಯ ಮೇಲೆ ಮನೆಯವರ ಹೆಸರು ಬರೆಸಬೇಡಿ, ಕ್ರಮಸಂಖ್ಯೆ ಸಾಕು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದಿರಲಿ ಎಂದು ಓದಿಸಿ, ಡಬ್ಬಿಯ ಮೇಲೆ ಹೆಸರು ಹಾಕಿಸಿ, ಯಾರದ್ದು ಹಗುರ ಯಾರದ್ದು ಭಾರ ಎಂದು ಕೈಯಲ್ಲಿ ತೂಗಿ ನೋಡುವುದು ಹೊಂದುವ ಮಾತಲ್ಲ.

ಕೇಳುವುದು: ಎಲ್ಲರೂ ಎಡವುವುದು ಇಲ್ಲೇ

ಯಾವಾಗ? ವಿಭೂತಿ ಬುಧವಾರಕ್ಕೆ ಮುಂಚಿನ ಭಾನುವಾರ. ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದು, ಕಡೆಯ ಆಶೀರ್ವಾದಕ್ಕೆ ಮೊದಲು ಪ್ರಕಟಣೆಗಳಿಗೆ ಜಾಗವಿದೆ, ಅಲ್ಲಿ. ಪ್ರಬೋಧನೆಯಲ್ಲಿ ಕೇಳಬೇಡಿ, ದೇವರ ವಾಕ್ಯದ ವಿವರಣೆ ಹಣದ ಮಾತಿಗೆ ಪೀಠಿಕೆಯಾಗಿಬಿಡುತ್ತದೆ. ಯಾರು? ಗುರುಗಳಲ್ಲ (ಪಾದ್ರಿಗಳಲ್ಲ), ಧರ್ಮಕೇಂದ್ರದವರೇ ಒಬ್ಬರು, ಈಗಾಗಲೇ ತಮ್ಮ ಪಾಲು ಕೊಟ್ಟವರು. ತಾನು ಕೊಡದೆ ಕೇಳುವವರ ದನಿ ಎರಡನೇ ವಾಕ್ಯಕ್ಕೇ ಸಿಕ್ಕಿಬೀಳುತ್ತದೆ. ಎಷ್ಟು ಹೊತ್ತು? ಎರಡು ನಿಮಿಷ. ಹೀಗೆ:

‘ಎಲ್ಲರಿಗೂ ನಮಸ್ಕಾರ. ಕಿದ್ವಾಯಿ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿರೋ ನಲವತ್ತು ಜನಕ್ಕೆ, ಹಬ್ಬ ಆದ ಮೇಲೆ ನಲವತ್ತು ರಾತ್ರಿ ಊಟ ಕೊಡಬೇಕು ಅಂತಿದ್ದೀವಿ. ಒಂದು ಊಟಕ್ಕೆ ಅರವತ್ತು ರೂಪಾಯಿ. ತಪಸ್ಸುಕಾಲದಲ್ಲಿ ಏಳು ಶುಕ್ರವಾರ ಬರುತ್ತೆ. ಒಂದೊಂದು ಶುಕ್ರವಾರ ಒಂದು ಹೊತ್ತು ಗಂಜಿ, ಉಪ್ಪಿನಕಾಯಲ್ಲಿ ಮುಗಿಸಿ, ಉಳಿದ ದುಡ್ಡು ಈ ಡಬ್ಬಿಗೆ ಹಾಕಿ. ಈ ಸಲ ಆಗದವರು ಪ್ರಾರ್ಥನೆ ಮಾಡಿ, ಖಾಲಿ ಡಬ್ಬಿಯನ್ನೇ ವಾಪಸ್ ತನ್ನಿ. ಪವಿತ್ರ ಗುರುವಾರ ಸಂಜೆ ಪೂಜೆಗೆ ತರಬೇಕು.’

ಇಷ್ಟೇ. ‘ದಯವಿಟ್ಟು ಉದಾರವಾಗಿ’ ಎಂದು ಬಾಲ ಸೇರಿಸಬೇಡಿ. ಖಾಲಿ ಡಬ್ಬಿಯ ಮಾತನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬಾರದು. ಬಾಡಿಗೆ ಕಟ್ಟಲು ಒದ್ದಾಡುವ ಮನೆಯವರು ನಾಚಿಕೆಯಿಂದ ಡಬ್ಬಿ ಅಡಗಿಸಿಡುತ್ತಾರೆ, ಗುರುವಾರದ ಪೂಜೆಗೇ ಬರುವುದಿಲ್ಲ. ಒತ್ತಾಯದಿಂದ ಬೇಡ, ಮನಸ್ಸಿನಲ್ಲಿ ನಿಶ್ಚಯಿಸಿದಷ್ಟೇ ಕೊಡಲಿ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಜೆರುಸಲೇಮಿನ ಬಡವರಿಗಾಗಿ ಇಂಥದೇ ಸಂಗ್ರಹ ಮಾಡುವಾಗ. ವಾರಕ್ಕೊಮ್ಮೆ ಸ್ವಲ್ಪ ಎತ್ತಿಡಿ ಎಂದವರೂ ಅವರೇ.

ಬಡ ವಿಧವೆಯ ಎರಡು ಕಾಸಿನ ಕಥೆ ಹೇಳಲು ಎಲ್ಲರಿಗೂ ಬಾಯಿ ತುರಿಸುತ್ತದೆ. ಮಾರ್ಕನ 12ನೇ ಅಧ್ಯಾಯದಲ್ಲಿ ಆ ಕಥೆಗೆ ಮೊದಲಿನ ಸಾಲುಗಳನ್ನೂ ಓದಿ: ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳನ್ನು ಯೇಸು ಖಂಡಿಸುತ್ತಾರೆ. ಇಲ್ಲದವರಿಂದ ಕೀಳಲು ಆ ಕಥೆ ಬಳಸಿದರೆ ನಾವು ನಿಲ್ಲುವುದು ಯಾರ ಸಾಲಿನಲ್ಲಿ ಎಂಬುದು ಸ್ಪಷ್ಟ.

ಇನ್ನೊಂದು, ವರದ ಆಮಿಷ. ‘ಕೊಟ್ಟರೆ ನೂರ್ಮಡಿ ಬರುತ್ತದೆ’, ‘500 ಕೊಟ್ಟವರ ಕೋರಿಕೆ ಪೀಠದ ಮೇಲೆ’ ಎಂಬ ವಾಟ್ಸ್ಆ್ಯಪ್ ಪೋಸ್ಟರುಗಳು ತಿರುಗಾಡುತ್ತಲೇ ಇರುತ್ತವೆ. ಪಾಪದ ದಂಡನೆಯ ವಿಮೋಚನೆಗೆ ಹಣ ತಳುಕು ಹಾಕಿ ಧರ್ಮಸಭೆ ಒಮ್ಮೆ ಸಾಕಷ್ಟು ಪೆಟ್ಟು ತಿಂದಿದೆ. 1562ರಲ್ಲಿ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ, ದಾನ ಎತ್ತುವುದನ್ನೇ ವೃತ್ತಿ ಮಾಡಿಕೊಂಡವರ ಹುದ್ದೆಯನ್ನೇ ರದ್ದು ಮಾಡಿತು. ದಾನಿಗಳಿಗಾಗಿ ಪ್ರಾರ್ಥಿಸಿ, ಕೊಡದವರಿಗಾಗಿಯೂ ಪ್ರಾರ್ಥಿಸಿ, ಮೊತ್ತಕ್ಕೂ ಪ್ರಾರ್ಥನೆಗೂ ಗಂಟು ಹಾಕಬೇಡಿ. ಅಳುವ ಮಗುವಿನ ಫೋಟೋ ಕೂಡ ಬೇಡ. ಊಟ ಮಾಡುವವರು ನಮ್ಮ ಪ್ರಚಾರಕ್ಕೆ ಮುಖ ಒಡ್ಡಬೇಕಾಗಿಲ್ಲ.

ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳಿಗೆ ಆಯಾ ಭಾಷೆಯವರೇ ಮಾತು ಬರೆದುಕೊಳ್ಳಲಿ. ಇಂಗ್ಲಿಷಿನ ಚೀಟಿಯನ್ನು ನಿಂತಲ್ಲೇ ಅನುವಾದಿಸಿದರೆ ಅಂಕಿಗಳು ಮಾತ್ರ ಕಿವಿಗೆ ಬೀಳುತ್ತವೆ.

ನಡುವಿನ ವಾರಗಳು

ಶುಕ್ರವಾರದ ಶಿಲುಬೆ ಹಾದಿ ಪ್ರಾರ್ಥನೆಯ ಕೊನೆಗೆ ಒಂದು ವಾಕ್ಯದ ನೆನಪೋಲೆ ಸಾಕು. ಉಪವಾಸದ ಕಟ್ಟಳೆ ಇರುವುದು 18ರಿಂದ 59 ವರ್ಷದವರಿಗೆ. ಕಾಯಿಲೆಯವರು, ಗರ್ಭಿಣಿಯರು ಊಟ ಬಿಡದೆ ಬೇರೆ ಯಾವುದಾದರೂ ಖರ್ಚು ಉಳಿಸಲಿ, ವಾರದ ಒಂದು ಬಿರಿಯಾನಿ ಆರ್ಡರ್ ಬಿಟ್ಟರೂ ಆಯಿತು.

ತರುವ ದಿನ, ಎಣಿಸುವ ದಿನ

ಪಾಸ್ಖ ಭಾನುವಾರ ಡಬ್ಬಿ ತರಿಸಬೇಡಿ, ನೆಂಟರಿಷ್ಟರ ಗದ್ದಲದಲ್ಲಿ ಮರೆತೇ ಹೋಗುತ್ತದೆ. ಶುಭ ಶುಕ್ರವಾರದ ಕಾಣಿಕೆ ಯೇಸು ಬಾಳಿದ ಪವಿತ್ರ ನಾಡಿಗೆ ಹೋಗುವುದು, ಅದಕ್ಕೆ ಕೈ ಹಾಕುವಂತಿಲ್ಲ. ಪವಿತ್ರ ಗುರುವಾರದ ಸಂಜೆ ಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸದ ಜೊತೆ ಬಡವರಿಗಾಗಿ ಕಾಣಿಕೆಗಳನ್ನು ಮೆರವಣಿಗೆಯಲ್ಲಿ ತರಲು ಪೂಜಾವಿಧಿಯೇ ಅವಕಾಶ ಕೊಡುತ್ತದೆ. ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ.

ತೊಡಕು ಒಂದೇ: ಮರುದಿನ ಶುಭ ಶುಕ್ರವಾರ, ಬ್ಯಾಂಕಿಗೆ ರಜೆ. ಎರಡನೇ ಅಥವಾ ನಾಲ್ಕನೇ ಶನಿವಾರವೂ ಸೇರಿಕೊಂಡರೆ ಸೋಮವಾರದವರೆಗೆ ಹಣ ಚರ್ಚಿನಲ್ಲೇ. ಆದ್ದರಿಂದ ಅದೇ ರಾತ್ರಿ, ಒಂದೇ ಮನೆಯವರಲ್ಲದ ಮೂವರು ಕೂತು ಎಣಿಸಿ, ನೋಟು ನಾಣ್ಯ ಬೇರೆ ಬೇರೆ ಬರೆದು, ಮೂವರೂ ಸಹಿ ಹಾಕಿ, ಚೀಲಕ್ಕೆ ಸೀಲು ಮಾಡಿ ಕಬ್ಬಿಣದ ಬೀರುವಿನಲ್ಲಿಡಬೇಕು. ‘ನಮ್ಮವರೇ, ನಂಬಿಕೆಯವರು’ ಎಂಬ ಮಾತು ಬೇಡ. ಪೌಲರೂ ಯಾರೂ ಬೆರಳು ತೋರಿಸದಿರಲೆಂದು ಹಣದ ಜೊತೆ ಒಬ್ಬರಿಗಿಂತ ಹೆಚ್ಚು ಜನರನ್ನು ಕಳಿಸಿದರು. ನಾಣ್ಯ ಬ್ಯಾಂಕಿನ ನಗದು ಜಮಾ ಯಂತ್ರಕ್ಕೆ ಹೋಗುವುದಿಲ್ಲ, ಬ್ಯಾಂಕಿಗೆ ಮೊದಲೇ ಹೇಳಿಡಿ.

ಕ್ಯೂಆರ್, ರಸೀದಿ, ವಿದೇಶದ ಹಣ

ಕ್ಯೂಆರ್ ಕೋಡ್ ಟ್ರಸ್ಟಿನ ಖಾತೆಯದ್ದೇ ಇರಲಿ, ಖಜಾಂಚಿಯ ಸ್ವಂತ ನಂಬರಿನದ್ದು ಬೇಡ. ಗೋಡೆಗೆ ಅಂಟಿಸಿದ್ದನ್ನು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡಿ, ಮೇಲೆ ಬೇರೆ ಸ್ಟಿಕ್ಕರ್ ಅಂಟಿಸುವವರಿದ್ದಾರೆ.

ಆದಾಯ ತೆರಿಗೆ ವಿನಾಯಿತಿಗಾಗಿ ‘80ಜಿ’ ರಸೀದಿ ಕೇಳುವವರು ಇದ್ದೇ ಇರುತ್ತಾರೆ. ಧಾರ್ಮಿಕ ಉದ್ದೇಶದ ಟ್ರಸ್ಟಿಗೆ ಸಾಮಾನ್ಯವಾಗಿ ಆ ಮಾನ್ಯತೆ ಇರುವುದಿಲ್ಲ. ಊಟ ಹಂಚುವ ಸೇವಾಸಂಸ್ಥೆಗಿದ್ದರೆ ನೇರ ಅದರ ಖಾತೆಗೇ ಕಳಿಸಲಿ. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ. ಪಾಸ್ಖ ಏಪ್ರಿಲ್‌ನಲ್ಲಿ ಬಿದ್ದ ವರ್ಷ, ಆ ಆರ್ಥಿಕ ವರ್ಷದ ವಿನಾಯಿತಿ ಬೇಕಾದವರು ಮಾರ್ಚ್ 31ರೊಳಗೆ ಕಳಿಸಬೇಕು.

ಕುವೈತಿನಲ್ಲಿ ದುಡಿಯುವ ಭಾರತೀಯ ಪಾಸ್‌ಪೋರ್ಟಿನ ಮಗ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಕೆನಡಾದ ಪೌರತ್ವ ಪಡೆದ ಮಗಳು ಕಳಿಸಿದರೆ ಅದು ವಿದೇಶಿ ದೇಣಿಗೆಯೇ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿದ್ದರೂ. ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಹಣ ಮೊದಲು ಇಳಿಯಬೇಕಾದ್ದು ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ನೋಂದಣಿ ಇಲ್ಲದಿದ್ದರೆ ವಿನಯದಿಂದ ಬೇಡವೆನ್ನಿ.

ಲೆಕ್ಕ ಒಪ್ಪಿಸುವುದು

ಪಾಸ್ಖದ ಮರುಭಾನುವಾರ ನೋಟಿಸ್ ಬೋರ್ಡಿಗೆ ಒಂದು ಹಾಳೆ: ಹೋದ ಡಬ್ಬಿ, ಬಂದ ಡಬ್ಬಿ, ಮೊತ್ತ, ಎಷ್ಟು ಊಟ. ದಾನಿಗಳ ಪಟ್ಟಿ ಬೇಡ. ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಅದಕ್ಕೇ ಬಳಸಬೇಕೆಂದು 1267ನೇ ವಿಧಿ ಹೇಳುತ್ತದೆ. ಚರ್ಚಿನ ಮೈಕ್ ಕೆಟ್ಟಿದೆಯೆಂದು ಊಟದ ದುಡ್ಡು ಮುಟ್ಟುವಂತಿಲ್ಲ. ಡಬ್ಬಿ ಅಚ್ಚಿನ ಖರ್ಚನ್ನೂ ಬೇರೆಯವರಿಂದ ಪಡೆಯಿರಿ. 96,000 ಮೀರಿ ಬಂದರೆ ಊಟದ ದಿನಗಳನ್ನು ಮುಂದುವರಿಸುತ್ತೇವೆ ಎಂಬ ಸಾಲನ್ನು ಡಬ್ಬಿಯ ಮೇಲೆ ಮೊದಲೇ ಅಚ್ಚು ಹಾಕಿಸಿ.